ಅರಮನೆಯ ಜಗಳಕ್ಕೆ ಅತ್ತೆ–ಸೊಸೆ ಜಗಳ ಅಂತ ಹೆಸರಿಟ್ಟವರು ಯಾರು?

ಆಷಾಢ ಹತ್ತಿರ ಬಂತು ಅಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಬ್ಯಾಗು ತುಂಬುತ್ತದೆ. ಆ ತಿಂಗಳು ಅತ್ತೆ–ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುವುದು ಕಟ್ಟಳೆ. ಯಾಕೆ ಅಂತ ಹಿರಿಯರನ್ನು ಕೇಳಿದರೆ, ಆಷಾಢದಲ್ಲಿ ಬಸುರಾದರೆ ಹೆರಿಗೆ ಬಿರುಬೇಸಿಗೆಗೆ ಬೀಳುತ್ತದೆ, ಮುಂಗಾರಿನಲ್ಲಿ ಗಂಡಸು ಹೊಲ ಬಿಟ್ಟು ಮನೆ ಸೇರುತ್ತಾನೆ ಅನ್ನುತ್ತಾರೆ. ಇರಬಹುದು. ಆದರೆ ಒಂದು ಗಮನಿಸಿ. ದೂರ ಇಡಬೇಕಾಗಿರುವುದು ಗಂಡ–ಹೆಂಡತಿಯನ್ನು. ಹೆಸರು ಹೇಳುವುದು ಮಾತ್ರ ಅತ್ತೆ–ಸೊಸೆಯದು.

ಗಂಡನ ವಿಷಯಕ್ಕೆ ಅತ್ತೆಯ ಹೆಸರು ಅಂಟಿಸುವ ಈ ಚಾಳಿ ನಮ್ಮ ಊರಿಗಷ್ಟೇ ಸೇರಿದ್ದಲ್ಲ, ಲಂಡನ್ನಿನ ಅರಮನೆಯಲ್ಲೂ ಇದೆ. ರಾಣಿ ಎಲಿಜಬೆತ್ ಮತ್ತು ಸೊಸೆ ಡಯಾನಾ ಕಥೆಯ ವಿಡಿಯೋಗಳು ಈಗ ಕನ್ನಡದ ದನಿಯಲ್ಲಿ ನಮ್ಮ ಫೋನಿಗೂ ಬರುತ್ತಿವೆ. ಹಿಂದೆ ಭಯಾನಕ ಸಂಗೀತ, ಮೇಲೆ ಕೆಂಪು ಅಕ್ಷರ: ಸೊಸೆಯನ್ನು ಸಹಿಸದ ಅತ್ತೆ, ಅತ್ತೆಗೆ ತಲೆಬಾಗದ ಸೊಸೆ. ಸಂಜೆ ಏಳು ಗಂಟೆಯ ಧಾರಾವಾಹಿ ನೋಡಿ ಪಳಗಿದ ನಮ್ಮ ಕಣ್ಣಿಗೆ ಇದು ಸಲೀಸಾಗಿ ಹೊಂದುತ್ತದೆ. ನಮ್ಮ ಸರೋಜಮ್ಮನ ಮನೆ ಕತೆಯೇ, ಕಿರೀಟ ಒಂದು ಜಾಸ್ತಿ ಅಷ್ಟೇ.

ಹಾಗಾದರೆ ನಡೆದದ್ದೇನು? ದಿನಾಂಕ ಜೋಡಿಸಿ ನೋಡೋಣ.

1981ರ ಜುಲೈ 29ರಂದು ಮದುವೆ. ಡಯಾನಾಗೆ 20 ವರ್ಷ, ಚಾರ್ಲ್ಸ್‌ಗೆ 32. ಒಂದು ವರ್ಷ ತುಂಬುವ ಮೊದಲೇ, 1982ರ ಜೂನ್‌ನಲ್ಲಿ ಗಂಡುಮಗು. 1984ರಲ್ಲಿ ಇನ್ನೊಂದು ಗಂಡು. ಸಿಂಹಾಸನಕ್ಕೆ ಬೇಕಾದ್ದು ಸಿಕ್ಕಿತು. ಗಂಡನ ಮನಸ್ಸು ಮೊದಲಿಂದಲೂ ಕೆಮಿಲಾ ಎಂಬುವವಳ ಕಡೆ. ದಾಂಪತ್ಯದ ಹೊರಗೆ ಹೋದದ್ದನ್ನು 1994ರ ಜೂನ್‌ನಲ್ಲಿ ಚಾರ್ಲ್ಸ್ ತಾನೇ ಟಿವಿ ಮುಂದೆ ಒಪ್ಪಿಕೊಂಡ. 1995ರ ನವೆಂಬರ್ 20ರಂದು ಬಿಬಿಸಿಯಲ್ಲಿ ಡಯಾನಾ ಮಾತಾಡಿದಳು. ಅದಾದ ಮೇಲೆ, ಡಿಸೆಂಬರ್‌ನಲ್ಲಿ, ರಾಣಿ ಇಬ್ಬರಿಗೂ ಕಾಗದ ಬರೆದು ವಿಚ್ಛೇದನ ತೆಗೆದುಕೊಳ್ಳಿ ಅಂದಳು. 1996ರ ಆಗಸ್ಟ್ 28ಕ್ಕೆ ವಿಚ್ಛೇದನ ಆಯಿತು. ಸೊಸೆಯ ಹೆಸರಿನ ಮುಂದಿದ್ದ ರಾಜಮನೆತನದ ಗೌರವಪದ ಹೋಯಿತು. ಒಂದು ವರ್ಷ ಮೂರು ದಿನಕ್ಕೆ ಪ್ಯಾರಿಸ್‌ನಲ್ಲಿ ಕಾರು ಅಪಘಾತ, ಸಾವು.

ಇದರಲ್ಲಿ ಅತ್ತೆ ಎಲ್ಲಿ ಬಂದಳು? ಕಾಗದ ಬರೆಯುವಾಗ. ಅಂದರೆ ಮದುವೆಯಾಗಿ 14 ವರ್ಷದ ಮೇಲೆ, ಗಂಡ–ಹೆಂಡತಿ ಬೇರೆಯಾಗಿ ಮೂರು ವರ್ಷದ ಮೇಲೆ. ಆದರೂ ಕಥೆಯಲ್ಲಿ ಖಳನಾಯಕಿ ಆಕೆಯೇ. ಸಾವಿನ ಸುದ್ದಿ ಬಂದಾಗ ರಾಣಿ ಮೊಮ್ಮಕ್ಕಳ ಜೊತೆ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲೇ ಉಳಿದಳು. ಲಂಡನ್ನಿಗೆ ಬರಲಿಲ್ಲ, ಕಣ್ಣೀರು ಹಾಕಲಿಲ್ಲ ಅಂತ ಪತ್ರಿಕೆಗಳು ಕೂಗಿದವು. ಕೊನೆಗೆ ಸೆಪ್ಟೆಂಬರ್ 5ಕ್ಕೆ ಬಂದು ಟಿವಿಯಲ್ಲಿ ಮಾತಾಡಿದಳು, ಮಾರನೇ ದಿನ ಶವಪೆಟ್ಟಿಗೆ ಮುಂದೆ ತಲೆ ಬಾಗಿಸಿದಳು. ರಾಣಿ ತಣ್ಣಗಿನ ಹೆಂಗಸು ಅಂತ ನನಗೂ ಅನ್ನಿಸುತ್ತದೆ. ಆದರೆ ಮದುವೆ ಮುರಿದವನ ಗತಿ ಏನಾಯಿತು? 2022ರಲ್ಲಿ ಅಮ್ಮ ತೀರಿದ ಮೇಲೆ ರಾಜನಾದ. 2023ರ ಮೇ 6ರಂದು ಕೆಮಿಲಾಳನ್ನೂ ಪಕ್ಕ ಕೂರಿಸಿಕೊಂಡು ಕಿರೀಟ ಹಾಕಿಸಿಕೊಂಡ. ಜಗಳಕ್ಕೆ ಅವನ ಹೆಸರಿಲ್ಲ.

ಇನ್ನೊಬ್ಬ ಪಾಲುದಾರನೂ ಇದ್ದಾನೆ, ಅವನು ನಮ್ಮ ಕಸುಬಿನವನೇ. ಆ ಸಂದರ್ಶನ ದಕ್ಕಿಸಿಕೊಳ್ಳಲು ಬಿಬಿಸಿಯ ಮಾರ್ಟಿನ್ ಬಶೀರ್ ಡಯಾನಾಳ ತಮ್ಮನಿಗೆ ಸುಳ್ಳು ಬ್ಯಾಂಕ್ ದಾಖಲೆ ತೋರಿಸಿದ್ದ. 2021ರಲ್ಲಿ ನಿವೃತ್ತ ನ್ಯಾಯಾಧೀಶ ಡೈಸನ್ ಅವರ ತನಿಖೆ ಇದನ್ನು ಹೇಳಿತು, ಬಿಬಿಸಿ ಕ್ಷಮೆ ಕೇಳಿತು. ಪತ್ರಿಕೋದ್ಯಮ ಓದಿ ಬಂದ ನಾವು ಇದನ್ನು ನುಂಗಿಕೊಂಡು ಮುಂದೆ ಹೋಗುವ ಹಾಗಿಲ್ಲ. ಅತ್ತೆ–ಸೊಸೆ ಜಗಳ ಅನ್ನುವುದು ಮಾರಾಟದ ಸರಕು. ಬೆಂಕಿ ಇಲ್ಲದ ಕಡೆ ನಾವೇ ಕಡ್ಡಿ ಗೀರಿ, ಆಮೇಲೆ ನಾವೇ ಹೊಗೆಯ ಸುದ್ದಿ ಬರೆಯುತ್ತೇವೆ.

ಲಂಡನ್ ಬಿಡಿ, ನಮ್ಮ ಜಿಲ್ಲೆಗೆ ಬನ್ನಿ.

ಚಾಮರಾಜೇಶ್ವರನ ಗುಡಿಗೆ ಹೋಗದವರು ನಮ್ಮಲ್ಲಿ ಕಡಿಮೆ. ಆಷಾಢದಲ್ಲಿ ತೇರು ಎಳೆಯುವ ದೇವರು. ದೂರ ಇಟ್ಟ ಹೊಸ ಜೋಡಿಗಳು ಆ ದಿನ ಜಾತ್ರೆಯ ನೆಪದಲ್ಲಿ ಒಂದಾಗಿ ತೇರಿಗೆ ಹಣ್ಣು–ಜವನ ಎಸೆಯುತ್ತಾರೆ. (2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ತೇರೇ ಇರಲಿಲ್ಲ. 2022ರಲ್ಲಿ ಹೊಸ ತೇರು ಎಳೆದಾಗ ಬಂದ ಜನ ಎಷ್ಟು ಅಂತ ನೋಡಿದವರಿಗೆ ಗೊತ್ತು.) ಆ ಗುಡಿಯಲ್ಲಿರುವ ಅಮ್ಮನ ಹೆಸರು ಕೆಂಪನಂಜಾಂಬೆ. ಅದು ಒಬ್ಬ ಸೊಸೆಯ ಹೆಸರು.

ಅರಿಕುಠಾರ ಅಂತಿದ್ದ ಊರಿಗೆ 1818ರಲ್ಲಿ ಚಾಮರಾಜನಗರ ಅಂತ ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ತಂದೆ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. 1826ರಲ್ಲಿ ಗುಡಿ ಕಟ್ಟಿಸಿ ಲಿಂಗಕ್ಕೆ ತಂದೆಯ ಹೆಸರು, ಅಮ್ಮನವರಿಗೆ ತಾಯಿ ಕೆಂಪನಂಜಮ್ಮಣ್ಣಿಯ ಹೆಸರು ಇಟ್ಟರು. ಆ ತಾಯಿಯ ಅತ್ತೆ ಯಾರು? ರಾಣಿ ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ವಿಧವೆ. ಗಂಡ 1766ರಲ್ಲಿ ತೀರಿದರು. ಆಮೇಲೆ ಪಟ್ಟಕ್ಕೆ ಕೂತ ಇಬ್ಬರು ಹುಡುಗರೂ ಹತ್ತು ವರ್ಷದೊಳಗೆ ಹೋದರು. ಅಧಿಕಾರ ಪೂರ್ತಿ ಹೈದರನ ಕೈಯಲ್ಲಿ. 1776ರಲ್ಲಿ ಅರಿಕುಠಾರದ ಎಳೆ ಹುಡುಗನನ್ನು ತಂದು ಪಟ್ಟಕ್ಕೆ ಕೂರಿಸಿದ್ದೂ ಹೈದರನೇ. ಹಾಗೆ ಬಂದ ಮಗ, ಆಮೇಲೆ ಬಂದ ಸೊಸೆ, ಈ ಅತ್ತೆ, ಎಲ್ಲರೂ ಶ್ರೀರಂಗಪಟ್ಟಣದ ಕಾವಲಿನೊಳಗೆ. 1794ರಲ್ಲಿ ಮೊಮ್ಮಗ ಹುಟ್ಟಿದ. 1796ರಲ್ಲಿ ಮಗ ತೀರಿದ. 1799ರ ಜೂನ್ 30ರಂದು ಐದು ವರ್ಷದ ಮೊಮ್ಮಗನನ್ನು ಪಟ್ಟಕ್ಕೆ ಕೂರಿಸುವವರೆಗೆ ಆ ಹೆಂಗಸು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಂತ್ರ ಹೂಡಿದರು. 1782ರಲ್ಲೇ ತಿರುಮಲರಾಯರ ಮೂಲಕ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಸಿದ್ದರು. ಅದು ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ, ಆಡಲಿ. ಅದು ರಾಜಕೀಯ. ಹೆಂಗಸು ರಾಜಕೀಯ ಮಾಡಿದರೆ ರಾಜಕೀಯ ಅಂತಲೇ ಕರೆಯಬೇಕು, ಅಡುಗೆಮನೆ ಕಿತಾಪತಿ ಅಂತಲ್ಲ.

ಆ ರಾಣಿಯ ಕೊನೆಗಾಲದ ಒಂದು ಚಿತ್ರ ಇದೆ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದದ್ದು. ಮೂರು ಜನ ಹೆಂಗಸರು, ಮೈತುಂಬ ಒಡವೆ. ಬಲಗಡೆಯವಳು ಸೀರೆ ಸರಿಸಿ ತನ್ನ ಎಡತೋಳು ತೋರಿಸುತ್ತಿದ್ದಾಳೆ. ಬಹುಕಾಲ ಇದನ್ನು ನರ್ತಕಿಯರ ಚಿತ್ರ ಅಂದುಕೊಂಡಿದ್ದರು. ಮೂರು ಹೆಂಗಸರು ಸಿಂಗರಿಸಿಕೊಂಡು ನಿಂತರೆ ಇನ್ನೇನು ತೋಚುತ್ತದೆ ನೋಡುವವರಿಗೆ! ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಹೇಳುವ ಪ್ರಕಾರ ಬಲಗಡೆ ಇರುವುದು ಮುಮ್ಮಡಿಯವರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆ ಅದೇ ಹೆಸರಿನ ಹಿರಿಯ ರಾಣಿ. ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು, ಜನ ಹೆದರುತ್ತಿದ್ದರು. ಹುಡುಗಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ. ಲಕ್ಷ್ಮಮ್ಮಣ್ಣಿಯವರ ಗಂಡ ತೀರಿದ್ದು ಸಿಡುಬಿನಿಂದ, ಲಸಿಕೆಗೆ ಅರಮನೆಯೊಳಗೆ ಒತ್ತಾಸೆ ಕೊಟ್ಟವರು ಅವರೇ ಅಂತಾರೆ ಚಾನ್ಸೆಲರ್. ಒಬ್ಬ ಆಳುವ ಅತ್ತೆ, ಸುಮಾರು 12 ವರ್ಷದ ಮೊಮ್ಮಗನ ಹೆಂಡತಿ, ಇಬ್ಬರೂ ಸೇರಿ ಊರಿಗೆ ಲಸಿಕೆ ಹಾಕಿಸಿದ ಕಥೆ ನಿಮ್ಮ ಫೋನಿಗೆ ಬಂದಿದೆಯೇ? ಬರುವುದಿಲ್ಲ. ಅದರಲ್ಲಿ ಜಡೆ ಹಿಡಿದೆಳೆಯುವ ಸೀನಿಲ್ಲ.

ಬಂದದ್ದು ಯಾವುದು? ಅಲಮೇಲಮ್ಮನ ಶಾಪ. 1610ರಲ್ಲಿ ಶ್ರೀರಂಗಪಟ್ಟಣ ಹಿಡಿದವರು ರಾಜ ಒಡೆಯರು, ಒಡವೆಗೆ ಆಳು ಕಳಿಸಿದವರೂ ಅವರೇ ಅಂತ ಕಥೆಯೇ ಹೇಳುತ್ತದೆ. ಆದರೂ ನಾನೂರು ವರ್ಷದಿಂದ ಅರಮನೆಯಲ್ಲಿ ಮಕ್ಕಳಾಗದಿದ್ದಾಗಲೆಲ್ಲ ಕಾರಣ ಹೊಳೆಗೆ ಹಾರಿದ ಆ ಹೆಂಗಸು.

ಆ ಮಾತು ಅರಮನೆಗೆ ಬಂದ ಸೊಸೆಯರ ಮೇಲೆ ಎಷ್ಟು ಭಾರ ಹಾಕಿತು ಅಂತ ಯೋಚಿಸಿ. 1900ರ ಜೂನ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ. ಆಗ ರಾಜ್ಯ ಆಳುತ್ತಿದ್ದವರು ಅವರ ತಾಯಿ ವಾಣಿವಿಲಾಸ ಸನ್ನಿಧಾನ. 1895ರಿಂದ 1902ರವರೆಗೆ ರೀಜೆಂಟ್. ಸೊಸೆಯಾಗಿ ಬಂದವರು ಗುಜರಾತಿನ ಕಾಠಿಯಾವಾಡದ ಪ್ರತಾಪಕುಮಾರಿ, ಹನ್ನೊಂದರ ಆಸುಪಾಸಿನ ಹುಡುಗಿ. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು ಅಂತ ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ತಂದಿತ್ತು. ಕಾನೂನು ಮೀರಲಿಲ್ಲ, ನಿಜ. ಭಾಷೆ ಬೇರೆ, ಊಟ ಬೇರೆ, ಊರು ಸಾವಿರ ಮೈಲಿ ಆಚೆ. ಮಕ್ಕಳಾಗಲಿಲ್ಲ. 1940ರಲ್ಲಿ ಪಟ್ಟ ತಮ್ಮನ ಮಗ ಜಯಚಾಮರಾಜರಿಗೆ ಹೋಯಿತು. ನಾಲ್ವಡಿಯವರ ಅಣೆಕಟ್ಟು, ಕಾಲೇಜು, ಆಸ್ಪತ್ರೆ ಎಲ್ಲ ನಮಗೆ ಬಾಯಿಪಾಠ. ಅವರ ರಾಣಿಯ ಹೆಸರು ಕೇಳಿದರೆ ಮೈಸೂರಿನವರೂ ತಡವರಿಸುತ್ತಾರೆ.

ಇಷ್ಟು ಹೇಳಿದಾಗ ಒಂದು ಮಾತು ಬಂದೇ ಬರುತ್ತದೆ: ಅದೆಲ್ಲ ಅರಮನೆ ವಿಷಯ ಕಣಪ್ಪ, ನಮ್ಮೂರಲ್ಲಿ ಅತ್ತೆಯರು ಸೊಸೆಯರನ್ನು ಗೋಳು ಹುಯ್ದುಕೊಳ್ಳುವುದು ಸುಳ್ಳಾ? ಸುಳ್ಳಲ್ಲ. ವಯಸ್ಸಾದ ಅತ್ತೆಗೆ ತಟ್ಟೆ ಕುಕ್ಕುವ ಸೊಸೆಯೂ ಸುಳ್ಳಲ್ಲ. ಗುಂಡ್ಲುಪೇಟೆ ಕಡೆ ಚೆಂಡುಹೂವಿನ ಹೊಲದಲ್ಲಿ ಬೆಳಗಿನಿಂದ ಬಗ್ಗಿ ಹೂ ಕಿತ್ತು, ಕೂಲಿ ದುಡ್ಡು ಮನೆಗೆ ತಂದು, ಅದನ್ನು ಯಾರ ಕೈಗೆ ಕೊಡಬೇಕು ಅನ್ನುವುದಕ್ಕೇ ರಂಪ ಆಗುವ ಮನೆಗಳಿವೆ. ಆದರೆ ಆ ಹೊಲ ಯಾರ ಹೆಸರಲ್ಲಿದೆ? ಪಹಣಿ ತೆಗೆಸಿ ನೋಡಿ. ಇಬ್ಬರಲ್ಲಿ ಯಾರ ಹೆಸರೂ ಇರದ ಮನೆಯೇ ಹೆಚ್ಚು. ತಮ್ಮದಲ್ಲದ ಮನೆಯಲ್ಲಿ ಅಡುಗೆ ಕೋಣೆಯ ಎರಡು ಚದರ ಜಾಗಕ್ಕೆ ಇಬ್ಬರೂ ಕಿತ್ತಾಡುತ್ತಾರೆ. ಜಗುಲಿಯ ಮೇಲೆ ಕೂತವರು ‘ಹೆಂಗಸರ ಜಗಳಕ್ಕೆ ನಾವು ಬರಾಕಿಲ್ಲ’ ಅಂತ ಬೀಡಿ ಹಚ್ಚುತ್ತಾರೆ.

ಸುಪ್ರೀಂ ಕೋರ್ಟಿನವರೆಗೆ ಹೋದ ಬೆಂಗಳೂರಿನ ಒಂದು ಮನೆಯ ವ್ಯಾಜ್ಯ ಕೇಳಿ. ಮದುವೆಗೆ ಕೆಲವು ತಿಂಗಳ ಮುಂಚೆ, 2002ರಲ್ಲಿ, ಗಂಡ ನಿವೇಶನ ತೆಗೆದುಕೊಂಡ. 2006ರಲ್ಲಿ ಅದನ್ನು ತನ್ನ ಅಪ್ಪನಿಗೆ ಮಾರಿದ. ಗಂಡ–ಹೆಂಡತಿಯ ವಿಚ್ಛೇದನದ ಕೇಸು ನಡೆಯುತ್ತಿರುವಾಗ, 2010ರಲ್ಲಿ, ಅಪ್ಪ ಅದನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿಕೊಟ್ಟ. ಆಮೇಲೆ ಹಿರಿಯ ನಾಗರಿಕರ 2007ರ ಕಾಯ್ದೆಯ ಕೆಳಗೆ ಅರ್ಜಿ: ಸೊಸೆ ಮನೆ ಖಾಲಿ ಮಾಡಬೇಕು. ಕಾಗದದಲ್ಲಿ ಇದು ಅತ್ತೆಯ ಮನೆಯಿಂದ ಸೊಸೆಯನ್ನು ಹೊರಹಾಕುವ ವ್ಯಾಜ್ಯ. ಮಗ ಎಲ್ಲಿ? ಅವನು ಕಾಗದದಿಂದ ಕಾಗದಕ್ಕೆ ಜಾರಿ ಹೋಗಿದ್ದ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೊರಹಾಕುವ ಆದೇಶವನ್ನು ರದ್ದು ಮಾಡಿತು. ಹಿರಿಯರ ರಕ್ಷಣೆಗೆ ಇರುವ ಕಾನೂನನ್ನು ಮುಂದೆ ಮಾಡಿ, ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಕಿತ್ತುಕೊಳ್ಳುವ ಹಾಗಿಲ್ಲ ಅಂದಿತು.

ನಮ್ಮ ಹಳ್ಳಿಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋಗುವವರು ಯಾರೂ ಇಲ್ಲ. ನಾಡಕಚೇರಿಗೆ ಹೋಗುವವರು ಇದ್ದಾರೆ. ಅವರಿಗೆ ಒಂದು ವಿಷಯ. ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಆಸ್ತಿಗೆ ಮೊದಲ ವರ್ಗದ ವಾರಸುದಾರರು ಅವನ ಮಕ್ಕಳು, ಹೆಂಡತಿ ಮತ್ತು ತಾಯಿ. ಹೆಂಡತಿಗೆ ಒಂದು ಪಾಲು, ತಾಯಿಗೂ ಅಷ್ಟೇ ಒಂದು ಪಾಲು. ಅಂದರೆ ಅತ್ತೆ ಮತ್ತು ಸೊಸೆಯನ್ನು ಕಾನೂನು ಒಂದೇ ಸಾಲಿನಲ್ಲಿ ಕೂರಿಸಿದೆ. ಆದರೆ ತಿಥಿ ಮುಗಿದ ಮೂರೇ ದಿನಕ್ಕೆ ಮೈದುನನೋ ಭಾವನೋ ಹಕ್ಕು ಬಿಡುಗಡೆ ಪತ್ರ ಹಿಡಿದು ಬರುತ್ತಾರೆ. ಅತ್ತೆಯ ಹತ್ತಿರ ‘ಸೊಸೆ ಜಮೀನು ಮಾರ್ಕೊಂಡು ತವರಿಗೆ ಓಡ್ತಾಳೆ’ ಅಂತ, ಸೊಸೆಯ ಹತ್ತಿರ ‘ಅತ್ತೆ ಎಲ್ಲಾನೂ ಮಗಳಿಗೆ ಬರೆದುಬಿಡ್ತಾಳೆ’ ಅಂತ. ಇಬ್ಬರೂ ಹೆಬ್ಬೆಟ್ಟು ಒತ್ತುತ್ತಾರೆ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಇಬ್ಬರ ಹೆಸರೂ ಇದೆಯಾ ನೋಡಿಕೊಳ್ಳಿ. ಓದಲು ಬರುವ ಮೊಮ್ಮಗಳ ಕೈಲಿ ಒಂದು ಸಲ ಜೋರಾಗಿ ಓದಿಸಿ, ಆಮೇಲೆ ಬೆರಳಿಗೆ ಮಸಿ ಹಚ್ಚಿ.