ಹೊಲ ಮಾರಿ ಕೊಳ್ಳುವ ಸೀಟು ಬೇಡ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಯಾವುದೇ ಊರಿನಲ್ಲಿ ಮಗಳೋ ಮಗನೋ ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ದಾಟಿದರೆ ಸಾಕು, ಡಾಕ್ಟರ್ ಓದಿಸುತ್ತೀರೋ ಸಾಫ್ಟ್‌ವೇರ್ ಕಡೆ ಕಳಿಸುತ್ತೀರೋ ಎಂಬ ಮಾತು ಶುರುವಾಗುತ್ತದೆ. ಬೀಗರು ಕೇಳುತ್ತಾರೆ, ಮಾಸ್ತರರು ಕೇಳುತ್ತಾರೆ, ಕೋಚಿಂಗ್ ಸೆಂಟರಿನವರು ಫೋನ್ ಮಾಡಿ ಕೇಳುತ್ತಾರೆ. ಆ ಸೀಟಿಗೆ ಕಟ್ಟುವ ದುಡ್ಡು ಎಲ್ಲಿಂದ ಬರುತ್ತದೆ, ಅದನ್ನು ಯಾರು ಎಷ್ಟು ವರ್ಷ ತೀರಿಸಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗೋವಿನಜೋಳ, ಹತ್ತಿ ಹಾಕಿ ಮಳೆ ನಂಬಿ ಬದುಕುವ ಮನೆಗಳಲ್ಲಿ ಮೊದಲು ಕೇಳಬೇಕಾದದ್ದು ಅದೇ. ನನ್ನ ವಾದ ಇಷ್ಟು: ವೈದ್ಯಕೀಯವೋ ತಂತ್ರಜ್ಞಾನವೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಮೆರಿಟ್ ಮೇಲೆ ಸಿಗುವ ಸರ್ಕಾರಿ ಶುಲ್ಕದ ಸೀಟೋ, ದುಡ್ಡು ಕೊಟ್ಟು ಕೊಳ್ಳುವ ಸೀಟೋ ಎಂಬುದು. ಮೊದಲನೆಯದು ಸಿಕ್ಕರೆ ಮಗುವಿಗೆ ಮನಸ್ಸಿದ್ದ ಕಡೆ ಧೈರ್ಯವಾಗಿ ಕಳಿಸಿ. ಎರಡನೆಯದಾದರೆ, ಎಂಬಿಬಿಎಸ್ ಆಗಿದ್ದರೂ ಹೊಲ ಮಾರಬೇಡಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟ್ ಮ್ಯಾಟ್ರಿಕ್ಸ್ ತೆರೆದರೆ ವೈದ್ಯಕೀಯ ಸೀಟುಗಳಿಗೆ ಜಿ (ಸರ್ಕಾರಿ), ಪಿ (ಖಾಸಗಿ), ಎನ್ (ಎನ್‌ಆರ್‌ಐ), ಕ್ಯೂ (ಇತರೆ) ಎಂಬ ಗುರುತುಗಳಿರುತ್ತವೆ. ಕುಟುಂಬದ ಮುಂದಿನ ಹತ್ತು ವರ್ಷ ಆ ಒಂದು ಅಕ್ಷರದಲ್ಲಿದೆ. ಸರ್ಕಾರಿ ಕಾಲೇಜಿನ ಜಿ ಸೀಟಿಗೆ ವರ್ಷಕ್ಕೆ ಸುಮಾರು 60 ಸಾವಿರ ರೂಪಾಯಿ. ಅದೇ ಪಾಠ, ಅದೇ ಪರೀಕ್ಷೆ, ಅದೇ ಪದವಿಯ ಪಿ ಸೀಟು ವರ್ಷಕ್ಕೆ 10 ಲಕ್ಷ ದಾಟುತ್ತದೆ. ಎನ್ ಮತ್ತು ಕ್ಯೂ ಸೀಟುಗಳು ಅದಕ್ಕಿಂತ ಬಹಳ ದುಬಾರಿ. ಶಿಕ್ಷಣ ಸಾಲ ಇದೆಯಲ್ಲ ಎನ್ನುವವರು ಒಂದು ಗೆರೆ ನೆನಪಿಡಬೇಕು: ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡಮಾನ ಕೇಳುತ್ತದೆ. ಅಂದರೆ ಪಿ ಸೀಟಿನ ಮೊದಲ ವರ್ಷಕ್ಕೇ ಆಸ್ತಿಯ ಕಾಗದ ಬ್ಯಾಂಕಿಗೆ ಹೋಗಬೇಕು. ಇದಕ್ಕೆ ತಂದೆತಾಯಿಗಳನ್ನು ದೂಡುವುದು ಬಹಳ ಸಲ ‘ನೀಟ್ ಕ್ವಾಲಿಫೈ ಆಗಿದೆ’ ಎಂಬ ಮಾತು. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು, 13 ಲಕ್ಷ ಮಂದಿ ಅರ್ಹರಾದರು. ಇದ್ದ ಎಂಬಿಬಿಎಸ್ ಸೀಟು ಸುಮಾರು 1.1 ಲಕ್ಷ, ಅದರಲ್ಲಿ ಸರ್ಕಾರಿ ಕಾಲೇಜುಗಳದ್ದು ಹೆಚ್ಚುಕಡಿಮೆ ಅರ್ಧ. ಅರ್ಹತೆ ಎಂದರೆ ಬಾಗಿಲ ಮುಂದೆ ನಿಲ್ಲಲು ಅನುಮತಿ, ಅಷ್ಟೇ. ಫಲಿತಾಂಶ ಬಂದ ವಾರದಲ್ಲಿ ಏಜೆಂಟರ ಫೋನ್ ಬರುವುದು ಈ ಎರಡು ಸಂಖ್ಯೆಗಳ ನಡುವೆ ಸಿಕ್ಕಿಬಿದ್ದವರಿಗೇ.

ಡಾಕ್ಟರ್ ಆದರೆ ಸಾಯುವತನಕ ಕೆಲಸಕ್ಕೆ ಭಯವಿಲ್ಲ, ಸಾಫ್ಟ್‌ವೇರ್ ಇವತ್ತಿದ್ದದ್ದು ನಾಳೆ ಇಲ್ಲ ಎಂಬುದು ಎಲ್ಲರ ಬಾಯಲ್ಲಿರುವ ಆಕ್ಷೇಪ. ಅದರಲ್ಲಿ ಸತ್ಯವಿದೆ. 2023–24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ನೌಕರರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ಕೈಬಿಡುವುದಾಗಿ ಹೇಳಿತು. ಹೊಸಬರ ಆರಂಭದ ಸಂಬಳ ದೊಡ್ಡ ಕಂಪನಿಗಳಲ್ಲಿ ಹತ್ತು ವರ್ಷಗಳಿಂದ ಮೂರು ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಆದರೆ ಭದ್ರತೆಯ ಲೆಕ್ಕಕ್ಕೆ ಕಾಲವನ್ನೂ ಸೇರಿಸಬೇಕು. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಇವತ್ತು ಬರೀ ಎಂಬಿಬಿಎಸ್ ಮೇಲೆ ನಿಲ್ಲುವುದು ಕಷ್ಟವಾದ್ದರಿಂದ ಇನ್ನೊಂದು ನೀಟ್, ಮತ್ತೆ ಮೂರು ವರ್ಷದ ಪಿಜಿ. ಮೊದಲು ಒಂದೋ ಎರಡೋ ವರ್ಷ ‘ಲಾಂಗ್ ಟರ್ಮ್’ ಕೋಚಿಂಗ್ ಆಗಿದ್ದರೆ ಅದನ್ನೂ ಕೂಡಿಸಿ. ಹದಿನೆಂಟಕ್ಕೆ ಹೊರಟ ಹುಡುಗಿ ನೆಲೆ ಕಾಣುವಾಗ ಮೂವತ್ತರ ಹತ್ತಿರ ಬಂದಿರುತ್ತಾಳೆ. ಸರ್ಕಾರಿ ಸೀಟಾದರೆ ಈ ಕಾಯುವಿಕೆಯನ್ನು ಸಣ್ಣ ಹಿಡುವಳಿಯ ಮನೆ ತಡೆದುಕೊಳ್ಳುತ್ತದೆ. ಬಡ್ಡಿ ಬೆಳೆಯುತ್ತಿದ್ದರೆ ಆ ಭದ್ರತೆ ಬರುವ ಮೊದಲೇ ಮನೆ ಅಭದ್ರವಾಗುತ್ತದೆ. ತಂಗಿಯ ಓದು, ತಮ್ಮನ ಓದು ಇದರಲ್ಲೇ ಕರಗುವುದನ್ನು ಯಾವ ಕೌನ್ಸೆಲಿಂಗ್‌ನಲ್ಲೂ ಯಾರೂ ಹೇಳುವುದಿಲ್ಲ.

ಎಂಜಿನಿಯರಿಂಗ್‌ಗೂ ಇದೇ ಮಾತು. ಹಾವೇರಿ ಬಳಿಯ ದೇವಗಿರಿಯಲ್ಲಿ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಶುಲ್ಕ ಸರ್ಕಾರಿ ಎಂಬಿಬಿಎಸ್‌ಗಿಂತಲೂ ಕಡಿಮೆ. ಅದನ್ನು ಬಿಟ್ಟು ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್‌ನ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿಯುವುದು ಈಗಿನ ಮಾರುಕಟ್ಟೆಯಲ್ಲಿ ಜಾಣತನವಲ್ಲ. ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇ 2024–25ರಲ್ಲಿ ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಪ್ರವೇಶ ಸಂಖ್ಯೆಯ ಮೇಲ್ಮಿತಿ ತೆಗೆಯಿತು. ಹೆಸರಿರುವ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡಿವೆ. ಸೀಟು ಹೆಚ್ಚುತ್ತಾ ನೇಮಕಾತಿ ಕುಗ್ಗುವಾಗ ಕೆಲಸ ಕೊಡಿಸುವುದು ಕಾಲೇಜಿನ ಬೋರ್ಡಿಗಿಂತ ಹುಡುಗರ ಕೈಯಲ್ಲಿರುವ ವಿದ್ಯೆ. ಒಂದು ಅನುಕೂಲ ಮಾತ್ರ ಈ ದಾರಿಗೆ ಉಂಟು: ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಎಡವಿದರೆ ಇಪ್ಪತ್ತೆರಡಕ್ಕೆ ಗೊತ್ತಾಗುತ್ತದೆ, ಎದ್ದು ನಿಲ್ಲಲು ವಯಸ್ಸಿರುತ್ತದೆ.

ನಮ್ಮ ತಾಲೂಕುಗಳಿಗೆ ಡಾಕ್ಟರೇ ಬೇಕು, ಮಕ್ಕಳನ್ನು ಆ ಕಡೆಯಿಂದ ತಿರುಗಿಸುವುದು ಸರಿಯೇ ಎಂಬುದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ತಜ್ಞರಿಗಾಗಿ ಇಲ್ಲಿನ ಜನ ಇವತ್ತಿಗೂ ಹುಬ್ಬಳ್ಳಿ ಅಥವಾ ದಾವಣಗೆರೆ ಹಾದಿ ಹಿಡಿಯುತ್ತಾರೆ. ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೋಟಿ ಕಟ್ಟಿ ಓದಿದವರು ಹಿರೇಕೆರೂರಿನ ತಾಲೂಕು ಆಸ್ಪತ್ರೆಯ ಸಂಬಳದಲ್ಲಿ ಅದನ್ನು ತೀರಿಸಲಾರರು. ಅವರು ನಗರದ ಖಾಸಗಿ ಆಸ್ಪತ್ರೆಗೆ ಹೋಗುವುದು ದುರಾಸೆಯಿಂದಲ್ಲ, ಸಾಲದಿಂದ. ಗ್ರಾಮೀಣ ಸೇವೆಯನ್ನು ಕಡ್ಡಾಯ ಮಾಡುವ ಕಾಯ್ದೆ 2012ರಲ್ಲಿ ಬಂತು. ಆ ಸೇವೆ ಮಾಡಿದರೂ ಒಂದು ವರ್ಷ ಮುಗಿಯುತ್ತಲೇ ಸಾಲ ಮತ್ತೆ ಕರೆಯುತ್ತದೆ. ಊರಿಗೆ ಮರಳುವ ಸಾಧ್ಯತೆ ಇರುವುದು ಋಣವಿಲ್ಲದೆ ಓದಿದವರಿಗೆ. ಹೀಗಾಗಿ 2022ರಲ್ಲಿ 150 ಸೀಟುಗಳೊಂದಿಗೆ ಶುರುವಾದ ಹಾವೇರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಈ ಜಿಲ್ಲೆಗೆ ಹತ್ತು ಖಾಸಗಿ ಕಾಲೇಜುಗಳಿಗಿಂತ ಹೆಚ್ಚು.

ಅದೇ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ ವೈದ್ಯ ವಿದ್ಯಾರ್ಥಿ ಈ ಜಿಲ್ಲೆಯವನೇ, ರಾಣೆಬೆನ್ನೂರು ತಾಲೂಕಿನವನು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ಕೈಗೆಟಕುವ ಸೀಟು ಇಲ್ಲಿ ಸಿಗಲಿಲ್ಲವೆಂದೇ ಆತ ಅಷ್ಟು ದೂರ ಹೋಗಿದ್ದ. ಯುದ್ಧವನ್ನು ಯಾರೂ ಮುಂದಾಗಿ ಕಾಣಲಾರರು, ಆ ಕುಟುಂಬದ ನಿರ್ಧಾರವನ್ನು ಅಳೆಯುವ ಹಕ್ಕು ನಮಗಿಲ್ಲ. ಆದರೆ ವಿದೇಶದ ಸೀಟು ಅಗ್ಗ ಎಂದು ಇವತ್ತಿಗೂ ಹೇಳುತ್ತಿರುವವರು, ಮರಳಿ ಬಂದವರು ಬರೆಯಲೇಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ ಈಚಿನ ಬಹುತೇಕ ಸುತ್ತುಗಳಲ್ಲಿ ಹತ್ತರಲ್ಲಿ ಮೂವರೂ ಪಾಸಾಗಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದೇನು? ಪಿಯುಸಿಗೆ ಸೇರುವಾಗ ಗಣಿತ ಬಿಡಿಸಬೇಡಿ; ಪಿಸಿಎಂಬಿ ತೆಗೆದುಕೊಂಡ ಮಗುವಿಗೆ ಎರಡೂ ದಾರಿ ತೆರೆದಿರುತ್ತವೆ. ಲಾಂಗ್ ಟರ್ಮ್‌ಗೆ ಒಂದು ವರ್ಷ ಕೊಡಿ, ಅದೂ ಮಗುವೇ ಕೇಳಿದರೆ. ಸಿಇಟಿ ಹಂಚಿಕೆಯಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ, ವೈದ್ಯಕೀಯ ಸೀಟುಗಳಿಗೂ ಅದು ಅನ್ವಯಿಸುತ್ತದೆ. ಎಂಟನೇ ತರಗತಿಗೆ ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಸೇರಿಸಿದ ದಿನವೇ ಎರಡೂ ಕೈತಪ್ಪುತ್ತವೆ ಎಂಬುದು ಎಷ್ಟೋ ತಂದೆತಾಯಿಗಳಿಗೆ ಗೊತ್ತಾಗುವುದು ಆಪ್ಷನ್ ಎಂಟ್ರಿ ಹೊತ್ತಿಗೆ. ಇನ್ನು ಸರ್ಕಾರದ ಪಾಲು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಹಾವೇರಿಗೆ ಅದಿಲ್ಲ. ಇರುವುದು ಸರ್ಕಾರಿ ಪಿಯು ಕಾಲೇಜುಗಳು ಮಾತ್ರ. ಈ ನಾಲ್ಕು ತಾಲೂಕುಗಳಲ್ಲಿ ಕನಿಷ್ಠ ಒಂದೊಂದು ಕಾಲೇಜಿಗಾದರೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರನ್ನು ಜೂನ್ ಒಳಗೆ ಕೊಟ್ಟು, ಸಂಜೆ ಅಲ್ಲೇ ಉಚಿತವಾಗಿ ನೀಟ್, ಸಿಇಟಿ ಪಾಠ ನಡೆಸಲಿ. ಹಾವೇರಿಯ ವೈದ್ಯಕೀಯ ಕಾಲೇಜಿನ ಮೊದಲ ತಂಡ 2028ರ ಹೊತ್ತಿಗೆ ಇಂಟರ್ನ್‌ಶಿಪ್ ಮುಗಿಸಲಿದೆ. ಅದರ ಮುಂದಿನ ತಂಡಗಳಲ್ಲಿ ಸವಣೂರು, ಹಾನಗಲ್‌ನ ಮಕ್ಕಳು ಎಷ್ಟಿರುತ್ತಾರೆ ಎಂಬುದು ಈ ಉಪನ್ಯಾಸಕರ ನೇಮಕದ ಮೇಲೆ ನಿಂತಿದೆ.