ಕನ್ನಡಕ, ಕೈಗವಸು ಆಮೇಲೆ. ಮೊದಲು ದೀಪ ಆರಿಸಿ

ಸರ್ಕಾರಿ ಶಾಲೆಗಳಿಗೆ ಐದು ವರ್ಷಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ ಕೊಡುವುದಾಗಿ 2025–26ರ ಕೇಂದ್ರ ಬಜೆಟ್ ಘೋಷಿಸಿದ ಮೇಲೆ, ಶಾಲಾ ಪ್ರಯೋಗಾಲಯದ ಮಾತೆಲ್ಲ ತ್ರೀಡಿ ಪ್ರಿಂಟರ್, ರೋಬೊ, ಸೆನ್ಸರ್‌ಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪು, ಜೀವಶಾಸ್ತ್ರದ ಪ್ರಯೋಗಗಳಲ್ಲಿ ಅಪಾಯವಿದೆ, ಎಲ್ಲವನ್ನೂ ಪರದೆಯ ಮೇಲೆ ತೋರಿಸಿದರೆ ಸಾಕು ಎನ್ನುತ್ತಿದೆ. ಒಬ್ಬರಿಗೆ ಹೊಸ ಲ್ಯಾಬ್ ಬೇಕು, ಇನ್ನೊಬ್ಬರಿಗೆ ಲ್ಯಾಬೇ ಬೇಡ. ಈಗಾಗಲೇ ಇರುವ ಕೋಣೆಯಲ್ಲಿ, ಅದೇ ಹಳೆಯ ಮೇಜಿನ ಮೇಲೆ, ಈ ವರ್ಷವೂ ನಡೆಯಲಿರುವ ಪ್ರಯೋಗದ ಕಡೆಗೆ ಇಬ್ಬರೂ ಕಣ್ಣು ಹಾಯಿಸಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಪಿರಿಟ್ ಬಾಟಲಿಯ ಮುಚ್ಚಳ ತೆರೆಯುವ ಕೋಣೆಯಲ್ಲಿ ಉರಿಯುವ ದೀಪ ಇರಕೂಡದು. ಪ್ರೌಢಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದ ಮಟ್ಟಿಗೆ ಇದೊಂದು ನಿಯಮ ಪಾಲನೆಯಾದರೆ ಅತಿ ದೊಡ್ಡ ಅಪಾಯ ತಪ್ಪುತ್ತದೆ. ಇದು ಪಾಲನೆಯಾಗದಿದ್ದರೆ, ಗೋಡೆಯ ಮೇಲಿನ 'ಸುರಕ್ಷತಾ ನಿಯಮಗಳು' ಫಲಕ ಎಷ್ಟೇ ಉದ್ದವಿರಲಿ, ಅದು ಪರಿವೀಕ್ಷಕರು ಬಂದಾಗ ತೋರಿಸುವುದಕ್ಕೆ ಮಾತ್ರ.

ನಾನು ಹೇಳುತ್ತಿರುವುದು ಎಲೆಯ ಪಿಷ್ಟ ಪರೀಕ್ಷೆಯನ್ನು. ರಾಜ್ಯದ ಹತ್ತನೇ ತರಗತಿಯ ಮಕ್ಕಳು ಓದುವುದು ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪವನ್ನೇ. ಬಣ್ಣಬಣ್ಣದ ಎಲೆಯ ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆರು ಗಂಟೆ ಬಿಸಿಲಿಗಿಟ್ಟು, ಎಲೆ ಕಿತ್ತು ಕುದಿಯುವ ನೀರಿಗೆ ಹಾಕಿ, ಆಮೇಲೆ ಆಲ್ಕೋಹಾಲ್ ಇರುವ ಬೀಕರಿನಲ್ಲಿ ಮುಳುಗಿಸಬೇಕು. ಆ ಬೀಕರನ್ನು ವಾಟರ್ ಬಾತ್‌ನಲ್ಲಿಟ್ಟು ಆಲ್ಕೋಹಾಲ್ ಕುದಿಯಲು ಆರಂಭಿಸುವವರೆಗೆ ಕಾಯಿಸಬೇಕು. ಎಲೆ ಬಿಳಿಚಿಕೊಂಡು ಸ್ಪಿರಿಟ್ ಹಸಿರಾಗುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಪತ್ರಹರಿತ್ತು ಎಂಬ ಪದ ಅವರಿಗೆ ಆ ಹೊತ್ತಿನಲ್ಲಿ ನಿಜವಾಗುತ್ತದೆ. ಇಷ್ಟು ಒಳ್ಳೆಯ ಪ್ರಯೋಗ ಆ ಪುಸ್ತಕದಲ್ಲಿ ಬೇರೆ ಹೆಚ್ಚಿಲ್ಲ. ಅದನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ.

ಆದರೆ ಮೇಜಿನ ಮೇಲೆ ಏನಿದೆ ನೋಡಿ. ಕೆಳಗೆ ಸ್ಪಿರಿಟ್ ದೀಪ, ಅದರ ಮೇಲೆ ಟ್ರೈಪಾಡ್, ತಂತಿ ಜಾಲರಿ, ನೀರಿನ ಬೀಕರ್, ಅದರೊಳಗೆ ಬಾಯಿ ತೆರೆದ ಸ್ಪಿರಿಟ್ ಬೀಕರ್. ಜ್ವಾಲೆಗೂ ಕುದಿಯುವ ಸ್ಪಿರಿಟ್ಟಿಗೂ ನಡುವೆ ಒಂದು ಗೇಣಿನ ಅಂತರ. ಸುತ್ತ ಬಗ್ಗಿ ನಿಂತ ಹದಿನೈದರ ಮಕ್ಕಳು. ಹುಡುಗಿಯರ ವೇಲ್ ಮುಂದಕ್ಕೆ ಇಳಿಬಿದ್ದಿರುತ್ತದೆ. ಸಮವಸ್ತ್ರ ಪಾಲಿಯೆಸ್ಟರ್ ಬೆರೆತದ್ದು, ಉರಿ ತಗುಲಿದರೆ ಕರಗಿ ಮೈಗೆ ಅಂಟುವಂಥದ್ದು.

ಇಲ್ಲಿಗೆ ಬರುತ್ತದೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಖ್ಯೆ: 13. ಶುದ್ಧ ಎಥನಾಲ್‌ನ ಫ್ಲಾಶ್ ಪಾಯಿಂಟ್ ಸುಮಾರು 13 ಡಿಗ್ರಿ ಸೆಲ್ಸಿಯಸ್. ಅಷ್ಟು ತಣ್ಣಗಿರುವಾಗಲೇ ಅದರ ಆವಿಗೆ ಕಿಡಿ ಸಾಕು. ಶೇ 95ರ ಸ್ಪಿರಿಟ್ ಆದರೆ ನಾಲ್ಕು ಡಿಗ್ರಿ ಹೆಚ್ಚೆನ್ನಿ. ಮೆಥನಾಲ್ ಆದರೆ 11ಕ್ಕೇ ಇಳಿಯುತ್ತದೆ. ಕರ್ನಾಟಕದ ಯಾವ ತರಗತಿ ಕೋಣೆ ಪಾಠದ ಹೊತ್ತಿನಲ್ಲಿ ಅಷ್ಟು ತಣ್ಣಗಿರುತ್ತದೆ? ಚಳಿಗಾಲದ ಬೆಳಗಿನ ಜಾವ ಬೀದರ್‌ನಲ್ಲಿ ಪಾದರಸ ಅದಕ್ಕಿಂತ ಕೆಳಗೆ ಇಳಿಯುವುದುಂಟು. ಆಗ ಶಾಲೆಗೆ ಬೀಗ ಹಾಕಿರುತ್ತದೆ. ಅಂದರೆ ನಮ್ಮ ಪ್ರಯೋಗಾಲಯಗಳಲ್ಲಿ ಸ್ಪಿರಿಟ್ ಯಾವಾಗಲೂ ಹೊತ್ತಿಕೊಳ್ಳಲು ಸಿದ್ಧ. ಅದನ್ನು ಕಾಯಿಸುವ ಅಗತ್ಯವೇ ಇಲ್ಲ. ನಾವು ಅದನ್ನು 78 ಡಿಗ್ರಿಗೆ ಕುದಿಸುತ್ತೇವೆ, ಅದೂ ಉರಿಯ ಮೇಲೆ.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಸೀಮೆಎಣ್ಣೆಯ ಪಕ್ಕದಲ್ಲಿಟ್ಟು ನೋಡಬೇಕು. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯ ಫ್ಲಾಶ್ ಪಾಯಿಂಟ್ 35 ಡಿಗ್ರಿಗಿಂತ ಕಡಿಮೆ ಇರುವಂತಿಲ್ಲ. ಉರಿಯುತ್ತಿರುವ ಸ್ಟೌವಿಗೆ ಸೀಮೆಎಣ್ಣೆ ಸುರಿಯಬಾರದು ಎಂಬ ವಿವೇಕ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯರಿಗೂ ಇತ್ತು. ಪೆಟ್ರೋಲಿಯಂ ನಿಯಮಗಳಲ್ಲಿ 23 ಡಿಗ್ರಿಗಿಂತ ಕೆಳಗೆ ಫ್ಲಾಶ್ ಪಾಯಿಂಟ್ ಇರುವುದೆಲ್ಲ 'ಎ' ವರ್ಗ, ಅಂದರೆ ಪೆಟ್ರೋಲ್ ಕೂರುವ ಸಾಲು. ಸೀಮೆಎಣ್ಣೆ 'ಬಿ' ವರ್ಗ. ಸ್ಪಿರಿಟ್ ಪೆಟ್ರೋಲಿಯಂ ಅಲ್ಲ, ಒಪ್ಪಿದೆ. ಆದರೆ ಅದೇ ಅಳತೆಗೋಲು ಹಿಡಿದರೆ ಅದರ ಜಾಗ ಪೆಟ್ರೋಲಿನ ಪಕ್ಕ. ತರಗತಿಯಲ್ಲಿ ದೀಪದ ಮೇಲೆ ಪೆಟ್ರೋಲ್ ಕುದಿಸಿ ಎಂದು ಯಾವುದಾದರೂ ಪಠ್ಯ ಹೇಳಿದ್ದರೆ ಪೋಷಕರು ಸುಮ್ಮನಿರುತ್ತಿದ್ದರೇ?

ವಾಟರ್ ಬಾತ್ ಇದೆಯಲ್ಲ, ಅದೇ ರಕ್ಷಣೆ ಎನ್ನುವ ಉತ್ತರ ತಕ್ಷಣ ಬರುತ್ತದೆ. ಅರ್ಧ ಉತ್ತರ ಅದು. ನೀರು ನಡುವೆ ಇದ್ದರೆ ಜ್ವಾಲೆ ಬೀಕರಿನ ತಳಕ್ಕೆ ನೇರ ತಗಲುವುದಿಲ್ಲ, ಸ್ಪಿರಿಟ್ ಒಮ್ಮೆಲೇ ಉಕ್ಕುವುದಿಲ್ಲ, ಅಷ್ಟೇ. ಆವಿಯನ್ನು ನೀರು ತಡೆಯುವುದಿಲ್ಲ. ಎಥನಾಲ್‌ನ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ಮೇಲೆ ಹೋಗದೆ ಬೀಕರಿನ ಅಂಚು ದಾಟಿ ಕೆಳಕ್ಕೆ ಇಳಿಯುತ್ತದೆ. ಕೆಳಗೆ ಏನಿದೆ? ದೀಪ. ಗಾಳಿಯಲ್ಲಿ ಶೇ 3ರಿಂದ 4ರಷ್ಟು ಆವಿ ಬೆರೆತರೂ ಅದು ಹೊತ್ತಿಕೊಳ್ಳುತ್ತದೆ. ಎಚ್ಚರಿಕೆಯಿಂದ ಇಡಬೇಕು ಎಂದು ಪಠ್ಯ ಹೇಳುತ್ತದೆ ನಿಜ. ಎಚ್ಚರಿಕೆಯಿಂದ ಇಟ್ಟ ಬೀಕರಿನಿಂದಲೂ ಆವಿ ಇಳಿಯುವುದು ಕೆಳಕ್ಕೇ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ದೀಪಕ್ಕೆ ತುಂಬುವುದೂ ಎಲೆಗೆ ಸುರಿಯುವುದೂ ಬಹಳ ಕಡೆ ಒಂದೇ ಬಾಟಲಿಯ ಸ್ಪಿರಿಟ್. ಹೀಗಾಗಿ ಆ ದೊಡ್ಡ ಬಾಟಲಿ ಮೇಜಿನ ಮೇಲೇ ಇರುತ್ತದೆ. ಪ್ರಯೋಗದ ನಡುವೆ ದೀಪ ಮಂಕಾಗುತ್ತದೆ. ಸ್ಪಿರಿಟ್ಟಿನ ಜ್ವಾಲೆ ತಿಳಿನೀಲಿ. ಕಿಟಕಿಯ ಬಿಸಿಲು ಬಿದ್ದರೆ ಅದು ಉರಿಯುತ್ತಿದೆಯೋ ಆರಿದೆಯೋ ಕಣ್ಣಿಗೆ ತಿಳಿಯುವುದಿಲ್ಲ. ಆರಿದೆ ಎಂದುಕೊಂಡು ಬಾಟಲಿ ಬಗ್ಗಿಸಿದರೆ ಮುಗಿಯಿತು.

ಇದು ಊಹೆಯ ಮಾತಲ್ಲ. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ 2014ರಲ್ಲಿ ಪರಿಶೀಲಿಸಿದ ಮೂರು ಅವಘಡಗಳನ್ನು ನಮ್ಮ ಶಿಕ್ಷಣ ಇಲಾಖೆಯಲ್ಲಿ ಯಾರಾದರೂ ಓದಿದ್ದಾರೆಯೇ ಎಂಬ ಅನುಮಾನ ನನಗೆ. ಆ ವರ್ಷ ಜನವರಿಯಲ್ಲಿ ನ್ಯೂಯಾರ್ಕ್‌ನ ಬೀಕನ್ ಹೈಸ್ಕೂಲ್, ಸೆಪ್ಟೆಂಬರ್ ಆರಂಭದಲ್ಲಿ ನೆವಾಡಾದ ರೀನೊ ನಗರದ ಮಕ್ಕಳ ವಿಜ್ಞಾನ ಸಂಗ್ರಹಾಲಯ, ಅದಾದ ಎರಡೇ ವಾರಕ್ಕೆ ಡೆನ್ವರ್‌ನ ಒಂದು ಶಾಲೆ. ರೀನೊದಲ್ಲಿ 13 ಮಂದಿಗೆ ಗಾಯ, ಹೆಚ್ಚಿನವರು ಮಕ್ಕಳು. ಮೂರೂ ಕಡೆ ತೋರಿಸುತ್ತಿದ್ದದ್ದು ಅಂಗೈಯಗಲದ ಚಿಕ್ಕ ಪ್ರಯೋಗ. ಮೂರೂ ಕಡೆ ಹತ್ತಿರದಲ್ಲೇ ಇದ್ದದ್ದು ಸುಮಾರು ನಾಲ್ಕು ಲೀಟರಿನ ಮೆಥನಾಲ್ ಬಾಟಲಿ. ಸುರಿಯುವಾಗ ಉರಿ ಧಾರೆಗುಂಟ ಬಾಟಲಿಯೊಳಕ್ಕೇ ನುಗ್ಗಿತು. ಬೋರ್ಡ್ ಕೊಟ್ಟ ಮುಖ್ಯ ಪಾಠವೂ ಅಷ್ಟೇ ಸರಳ: ದೊಡ್ಡ ಬಾಟಲಿಯನ್ನು ಪ್ರದರ್ಶನದ ಜಾಗಕ್ಕೆ ತರಬೇಡಿ. ಬೀಕನ್ ಶಾಲೆಯಲ್ಲಿ ತೀವ್ರವಾಗಿ ಸುಟ್ಟ ವಿದ್ಯಾರ್ಥಿಗೆ 2019ರಲ್ಲಿ ಅಲ್ಲಿನ ಜ್ಯೂರಿ ಸುಮಾರು 6 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿತು. ಅಂದಹಾಗೆ, ಆ ಅವಘಡಕ್ಕೆ ಕೆಲವೇ ವಾರಗಳ ಮೊದಲು ಇದೇ ಬೋರ್ಡ್ ಇಂಥದ್ದೇ ಪ್ರಯೋಗದ ಬಗ್ಗೆ ಎಚ್ಚರಿಕೆಯ ವಿಡಿಯೊ ಬಿಡುಗಡೆ ಮಾಡಿತ್ತು. ವಿಡಿಯೊ ಶಾಲೆಯ ಮೇಜಿನವರೆಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದು ರಸಾಯನಶಾಸ್ತ್ರದ ಪ್ರದರ್ಶನ, ಇದು ಜೀವಶಾಸ್ತ್ರ ಎಂದು ಯಾರಾದರೂ ವಾದಿಸಬಹುದು. ಸ್ಪಿರಿಟ್ ಬಾಟಲಿಗೆ ವಿಷಯವಾರು ವೇಳಾಪಟ್ಟಿ ತಿಳಿಯದು.

ನಮ್ಮಲ್ಲೇ ಪೂರ್ವನಿದರ್ಶನ ಇಲ್ಲವೇ? ಇದೆ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯೊಂದರಲ್ಲಿ 94 ಮಕ್ಕಳು ಸುಟ್ಟು ಸತ್ತರು. ಬೆಂಕಿ ಹುಟ್ಟಿದ್ದು ಅಡುಗೆಮನೆಯಲ್ಲಿ. ಅದರ ಬೆನ್ನಿಗೆ ಹೂಡಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ, 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯಲ್ಲಿ ಕಲಿಯುವ ಹಕ್ಕೂ ಸೇರಿದೆ ಎಂದಿತು. ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಇರಬೇಕು, ಸಿಬ್ಬಂದಿಗೆ ಅದರ ಬಳಕೆ ಗೊತ್ತಿರಬೇಕು ಎಂದಿತು. ತೀರ್ಪಿನ ನಂತರ ನಾವು ಕಲಿತದ್ದು ಅಡುಗೆಮನೆಯನ್ನು ತರಗತಿಯಿಂದ ದೂರ ಇಡುವುದನ್ನು, ಕಾರಿಡಾರಿನಲ್ಲಿ ಕೆಂಪು ಸಿಲಿಂಡರ್ ನೇತುಹಾಕುವುದನ್ನು. ತರಗತಿಯೊಳಗೇ ಹೊತ್ತಿಸುವ ಬೆಂಕಿಯ ಬಗ್ಗೆ ಯಾರೂ ಕೇಳಲಿಲ್ಲ.

ಇಷ್ಟು ವರ್ಷ ಜೀವಶಾಸ್ತ್ರ ಪ್ರಯೋಗಾಲಯದ ಚರ್ಚೆ ಎಂದರೆ ಕಪ್ಪೆಯ ಚರ್ಚೆಯಾಗಿತ್ತು. ಯುಜಿಸಿ 2011ರಲ್ಲಿ ಮಾರ್ಗಸೂಚಿ ತಂದು ಕಾಲೇಜುಗಳಲ್ಲಿ ಅಂಗಛೇದನವನ್ನು ಹಂತಹಂತವಾಗಿ ತಗ್ಗಿಸಿತು. ಪ್ರಾಣಿಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಕಪಾಟಿನ ಜಾಡಿಗಳಲ್ಲಿರುವ ಫಾರ್ಮಲಿನ್ ಮಾತ್ರ ಹಾಗೇ ಉಳಿದಿದೆ. ಅದರಲ್ಲಿನ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 2004ರಲ್ಲೇ ನಿರ್ಣಯಿಸಿದೆ. ಜಾಡಿಯ ಮುಚ್ಚಳ ಬಿಗಿಯಾಗಿರಲಿ, ಕಿಟಕಿ ತೆರೆದಿರಲಿ, ಫಾರ್ಮಲಿನ್ ಬದಲಿಸುವ ಕೆಲಸವನ್ನು ಮಕ್ಕಳ ಕೈಲಿ ಮಾಡಿಸಬೇಡಿ. ಪಿಯು ತರಗತಿಯ ರಕ್ತದ ಗುಂಪು ಪರೀಕ್ಷೆಗೆ ಒಬ್ಬರಿಗೆ ಒಂದೇ ಲ್ಯಾನ್ಸೆಟ್, ಬಳಸಿದ್ದು ನೇರ ಗಟ್ಟಿ ಡಬ್ಬಕ್ಕೆ. ಇವೆಲ್ಲ ಬೇಕಾದ ಮಾತುಗಳೇ. ಆದರೆ ಇವನ್ನು ಬಹುತೇಕ ಶಿಕ್ಷಕರು ಬಲ್ಲರು. 13 ಡಿಗ್ರಿಯ ಮಾತನ್ನು ಅವರಿಗೆ ಯಾವ ತರಬೇತಿಯಲ್ಲೂ ಒತ್ತಿ ಹೇಳಿದಂತೆ ಕಾಣುವುದಿಲ್ಲ.

ಪರಿಹಾರ ದುಬಾರಿಯೇ? ಒಂದು ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಕೊಡುವ ವ್ಯವಸ್ಥೆಗೆ ಇದು ಚಿಲ್ಲರೆ ಕಾಸು. ಬೇಕಾದದ್ದು ಒಂದು ವಿದ್ಯುತ್ ಕೆಟಲ್. ನೀರನ್ನು ಪಕ್ಕದ ಕೋಣೆಯಲ್ಲಿ ಕುದಿಸಿ ತಂದು ಬೀಕರಿಗೆ ಸುರಿಯಿರಿ. ಎಲೆಯನ್ನು ಮೊದಲು ಆ ನೀರಿನಲ್ಲೇ ಮೆತ್ತಗಾಗಿಸಿ. ಆಮೇಲೆ ನೀರು ಬದಲಿಸಿ, ಅಗಲ ಬಾಯಿಯ ಪ್ರನಾಳದಲ್ಲಿ ಎಲೆ ಮುಳುಗುವಷ್ಟೇ ಸ್ಪಿರಿಟ್ ಹಾಕಿ ಅದರಲ್ಲಿ ನಿಲ್ಲಿಸಿ. ನೀರು 90 ಡಿಗ್ರಿ ಆಸುಪಾಸಿನಲ್ಲಿದ್ದರೆ ಸಾಕು. ಸ್ಪಿರಿಟ್ಟಿಗೆ ಬೇಕಾದದ್ದು 78. ಕೆಲವೇ ನಿಮಿಷಗಳಲ್ಲಿ ಎಲೆ ಬಿಳಿಚುತ್ತದೆ. ಬ್ರಿಟನ್ನಿನ ಶಾಲೆಗಳಲ್ಲಿ ಬರ್ನರ್ ಆರಿಸಿ, ಬಿಸಿನೀರಿನಲ್ಲೇ ಈ ಪ್ರಯೋಗ ಮಾಡುವುದು ಬಹುಕಾಲದ ರೂಢಿ. ಕರೆಂಟ್ ಇಲ್ಲದ ದಿನ ಏನು ಮಾಡುವುದು ಎಂದು ಕೇಳುವವರಿಗೆ: ಬಿಸಿಯೂಟದ ಅಡುಗೆಮನೆಯಲ್ಲಿ ಬಿಸಿನೀರಿಗೆ ಬರವಿಲ್ಲ. ಒಂದು ಥರ್ಮಾಸ್ ಫ್ಲಾಸ್ಕ್ ತೆಗೆದುಕೊಂಡು ಹೋಗಿ.

ಪರದೆಯ ಪ್ರಯೋಗಗಳ ಬಗ್ಗೆ ಒಂದು ಮಾತು. ಓಲ್ಯಾಬ್ಸ್‌ನಂಥ ಆನ್‌ಲೈನ್ ಪ್ರಯೋಗಾಲಯಗಳು ಪುನರಾವರ್ತನೆಗೆ ಚೆನ್ನ. ಅವನ್ನೇ ಬದಲಿಯೆಂದು ಒಪ್ಪಿದರೆ, ಸುರಕ್ಷತೆಯ ನೆಪದಲ್ಲಿ ಸರ್ಕಾರಿ ಶಾಲೆಯ ಮಗು ಎಲೆ ಮುಟ್ಟುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ. ಶುಲ್ಕ ಕಟ್ಟುವ ಶಾಲೆಯ ಮಗು ಮುಟ್ಟುತ್ತಲೇ ಇರುತ್ತದೆ. ಕೆಟಲ್‌ನಿಂದ ಬಗೆಹರಿಯುವ ಸಮಸ್ಯೆಗೆ ಪ್ರಯೋಗವನ್ನೇ ಬಲಿಕೊಡಬೇಕೇ?

ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮಾಡಬೇಕಾದ ಕೆಲಸ ಅರ್ಧ ಪುಟದ್ದು. ಶಿಕ್ಷಕರ ಕೈಪಿಡಿಯಲ್ಲಿ ಆ ಚಟುವಟಿಕೆಯ ಪಕ್ಕದಲ್ಲೇ ಬಿಸಿನೀರಿನ ವಿಧಾನ ಅಚ್ಚಾಗಲಿ. ತರಗತಿಗೆ 100 ಮಿಲಿಲೀಟರಿಗಿಂತ ದೊಡ್ಡ ಸ್ಪಿರಿಟ್ ಬಾಟಲಿ ಬರಬಾರದು, ಮಕ್ಕಳ ಎದುರು ದೀಪಕ್ಕೆ ಸ್ಪಿರಿಟ್ ತುಂಬಬಾರದು ಎಂದಿರಲಿ. ತುಂಬುವವರು ಹಿಂದಿನ ದಿನವೇ ತುಂಬಲಿ. ಲ್ಯಾಬ್ ಸಹಾಯಕರಿಲ್ಲದ ಪ್ರೌಢಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಇಡೀ ತರಗತಿಯನ್ನೂ ಐದಾರು ದೀಪಗಳನ್ನೂ ಒಟ್ಟಿಗೆ ನೋಡಿಕೊಳ್ಳುವುದು ಆಗದ ಮಾತು. ಅಂಥವರ ಮೇಲೆ ನಾಳೆ ಹೊಣೆ ಹೊರಿಸುವ ಬದಲು ಇಂದು ದೀಪದ ಹೊರೆ ಇಳಿಸಿ.

ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಕಲಿಸುವ ಸಿಬಿಝಡ್ ಶಿಕ್ಷಕರಲ್ಲಿ ಒಂದು ಕೋರಿಕೆ. ಸುತ್ತೋಲೆಗಾಗಿ ಕಾಯಬೇಡಿ, ಅದು ಬರುವ ಹೊತ್ತಿಗೆ ದ್ಯುತಿಸಂಶ್ಲೇಷಣೆ ಪಾಠ ಮುಗಿದಿರುತ್ತದೆ. ಈ ಸಲ ಪ್ರಯೋಗಕ್ಕೆ ಮೊದಲು ಬೆಂಕಿಪೊಟ್ಟಣವನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬನ್ನಿ, ಕೆಟಲ್ ತನ್ನಿ.