ಸಾಲ ಕೇಳಿದವನಿಂದ ಕ್ರಯಪತ್ರ ಏಕೆ?



ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕು. ಬ್ಯಾಂಕಿನವರು ಹಳೇ ಬಾಕಿ ತೋರಿಸಿ ವಾಪಸು ಕಳಿಸುತ್ತಾರೆ. ಪೇಟೆಯ ಸಾಹುಕಾರ ಮಾತ್ರ ಕೂರಿಸಿ ಕಾಫಿ ಕೊಡುತ್ತಾನೆ. "ಸುಮ್ನೆ ಭದ್ರತೆಗೆ ಒಂದು ಕ್ರಯಪತ್ರ ಮಾಡಿಕೊಡು ಗೌಡ, ದುಡ್ಡು ತಂದುಕೊಟ್ಟ ದಿನ ತಿರುಗಿ ಬರ್ಕೊಡ್ತೀನಿ" ಅಂತಾನೆ. ನಾವು ಮಾತಿಗೆ ಬೆಲೆ ಕೊಡುವ ಜನ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಸ್ಸು ಹತ್ತುತ್ತೇವೆ.

ಆ ದಿನ ನೀವು ತಂದದ್ದು ಸಾಲವಲ್ಲ. ಹೊಲ ಮಾರಿ ಬಂದಿದ್ದೀರಿ. ಪೂರ್ತಿ ಹಣ ಮುಟ್ಟಿದೆ, ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ನನಗಾಗಲಿ ನನ್ನ ವಾರಸುದಾರರಿಗಾಗಲಿ ಇನ್ನು ಯಾವ ಹಕ್ಕೂ ಇಲ್ಲ ಎಂದು ಆ ಪತ್ರದಲ್ಲಿ ನಿಮ್ಮ ಬಾಯಿಂದಲೇ ಬರೆಸಿದ್ದಾರೆ. ಬಡ್ಡಿಯ ಸೊಲ್ಲು ಅದರಲ್ಲಿಲ್ಲ. ತಿರುಗಿ ಕೊಡುವ ಸೊಲ್ಲೂ ಇಲ್ಲ.

ಸಾಲಕ್ಕೆ ಬೇರೆ ಪತ್ರಗಳಿಲ್ಲವೇ? ಇವೆ. ಆಧಾರಪತ್ರದಲ್ಲಿ ಹೊಲ ನಿಮ್ಮ ಕೈಯಲ್ಲೇ ಇರುತ್ತದೆ. ಹಣ ಬಾರದಿದ್ದರೆ ಸಾಹುಕಾರ ದಾವಾ ಹೂಡಿ, ಡಿಕ್ರಿ ಪಡೆದು, ಹರಾಜು ಹಾಕಿಸಬೇಕು. ಭೋಗ್ಯಪತ್ರದಲ್ಲಿ ಅವನು ಉಳುತ್ತಾನೆ, ಬೆಳೆ ತಿನ್ನುತ್ತಾನೆ, ಆದರೆ ಒಡೆತನ ನಿಮ್ಮದೇ. ಭೋಗ್ಯ ಕೊಟ್ಟು 30 ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಬಿಡಿಸಿಕೊಳ್ಳುವ ಹಕ್ಕು ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅಜ್ಜನ ಕಾಲದ ಭೋಗ್ಯವಿದ್ದವರು ಟ್ರಂಕು ತೆಗೆದು ನೋಡಿ! ಈ ಎರಡೂ ಪತ್ರ ಸಾಹುಕಾರನಿಗೆ ಏಕೆ ಬೇಡ ಅಂತ ಈಗ ತಿಳಿಯಿತಲ್ಲ.

ಇನ್ನು ಮುದ್ದತಿನ ಕ್ರಯ. ಇಷ್ಟು ವರ್ಷದೊಳಗೆ ಹಣ ಕೊಟ್ಟರೆ ಜಮೀನು ವಾಪಸು ಎಂಬ ಷರತ್ತಿನದು. ಮೋಸ ಹೆಚ್ಚು ನಡೆಯುವುದು ಇಲ್ಲೇ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೇ ಕಲಮಿಗೆ 1929ರಲ್ಲಿ ಒಂದು ಮಾತು ಸೇರಿಸಿದರು: ವಾಪಸಿನ ಷರತ್ತು ಕ್ರಯಪತ್ರದ ಒಳಗೇ ಇರಬೇಕು, ಇಲ್ಲದಿದ್ದರೆ ಅದು ಅಡಮಾನವೇ ಅಲ್ಲ. ಒಳಗಿದ್ದರೂ ಕೋರ್ಟು ಪತ್ರವನ್ನು ಪೂರ್ತಿ ಓದಿಯೇ ತೀರ್ಮಾನಿಸುತ್ತದೆ. ಆದರೆ ಹೊರಗಿದ್ದರೆ ಆ ಬಾಗಿಲೇ ಮುಚ್ಚಿತು. ಸಾಹುಕಾರ ಜಾಣ. ಷರತ್ತನ್ನು ಬೇರೆ ಛಾಪಾ ಕಾಗದದಲ್ಲಿ ಬರೆದು ನಿಮ್ಮ ಕೈಗಿಡುತ್ತಾನೆ. ಆ ಕಾಗದದ ಗಡುವು ದಾಟಿದರೆ ಹಣದ ಚೀಲ ಹೊತ್ತು ಹೋದರೂ ಹೊಲ ಬರುವುದು ಕಷ್ಟ.

1976ರ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಭೂಹೀನ ಕೂಲಿಗಾರರ ಖಾಸಗಿ ಸಾಲ ರದ್ದು ಮಾಡಿತು. ಆದರೆ ಕ್ರಯಪತ್ರ ಬರೆದುಕೊಟ್ಟವನು ಕಾಗದದ ಮೇಲೆ ಸಾಲಗಾರನೇ ಅಲ್ಲ! ಯಾವ ಸರ್ಕಾರ ಯಾವ ಸಾಲ ಮನ್ನಾ ಮಾಡಿದರೆ ಅವನಿಗೇನು ಬಂತು? ಮೇಲಾಗಿ, ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿದರು. ಪೇಟೆಯ ಲೇವಾದೇವಿದಾರನ ಹೆಸರಿಗೆ ಕ್ರಯ ನಿಲ್ಲುವುದಿಲ್ಲ ಎನ್ನಲು ಇದ್ದ ಆಸರೆಯೂ ಹೋಯಿತು.

ಜಿಪಿಎ ಕೇಳುವವರೂ ಇದ್ದಾರೆ. ಜಿಪಿಎಯಿಂದ ಒಡೆತನ ದಾಟುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಿಜ. ಆದರೆ ಮಾರುವ ಅಧಿಕಾರ ಬರೆದುಕೊಟ್ಟಿದ್ದರೆ ಅವನು ನಿಮ್ಮ ಹೆಸರಿನಲ್ಲೇ ಮೂರನೆಯವನಿಗೆ ಕ್ರಯ ಮಾಡಬಲ್ಲ.

ಆದ್ದರಿಂದ ಸಾಲಕ್ಕೆ ಆಧಾರವೋ ಭೋಗ್ಯವೋ ಬರೆಯಿರಿ, ನೋಂದಣಿ ಮಾಡಿಸಿ. ಸಹಿಗೆ ಮುಂಚೆ ಪತ್ರವನ್ನು ನಿಮ್ಮ ಕಡೆಯ ಓದುಬಲ್ಲವನಿಂದ ಓದಿಸಿ. ಪತ್ರ ಬರೆಯುವವನು ಗಡಿಬಿಡಿ ಮಾಡಿದರೆ ಎದ್ದು ಬನ್ನಿ.

ಆಗಲೇ ಕ್ರಯ ಬರೆದುಕೊಟ್ಟವರು ಕೈಕಟ್ಟಿ ಕೂರಬೇಡಿ. ಪತ್ರ ತೋರಿಕೆಯದು, ನಿಜವಾಗಿ ನಡೆದದ್ದು ಬೇರೆ ವ್ಯವಹಾರ ಎಂದು ಸಾಕ್ಷಿ ಹೇಳಿಸಲು ಅವಕಾಶವಿದೆಯೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಒಪ್ಪಿದೆ. ಬಡ್ಡಿ ಕಟ್ಟಿದ ಚೀಟಿ, ಕ್ರಯದ ನಂತರವೂ ನೀವೇ ಉಳುತ್ತಿರುವುದಕ್ಕೆ ಪಹಣಿ, ಕಂದಾಯದ ರಸೀದಿ, ಅಂದು ಜೊತೆಗಿದ್ದ ಸಾಕ್ಷಿಗಳು, ಎಲ್ಲವನ್ನೂ ಕೂಡಿಸಿ. ಋಣಭಾರ ಪತ್ರ ತೆಗೆಸಿ, ಹೊಲ ಇನ್ನೊಬ್ಬನಿಗೆ ದಾಟಿದೆಯೇ ನೋಡಿ. ದಾಟುವ ಮೊದಲೇ ವಕೀಲರ ಬಳಿ ಹೋಗಿ.